ಹೊಸ ಚಾಪ್ಟರ್ ಜೊತೆ ಇರಲು ಬಂದವಳು

ಅಮೆರಿಕದ ಕಾಲೇಜುಗಳಲ್ಲಿ ಆಗಸ್ಟ್ ಅಂದರೆ ಹೊಸ ವರ್ಷದ ಗಡಿಬಿಡಿ. ಅದರ ನಡುವೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗಿಯೊಬ್ಬಳು ಎರಡು ಸೂಟ್‌ಕೇಸ್ ಹಿಡಿದು ಗುರುತು ಪರಿಚಯ ಇಲ್ಲದ ಊರಿಗೆ ಬರುತ್ತಾಳೆ. ಅವಳು ಅಲ್ಲಿನ ವಿದ್ಯಾರ್ಥಿನಿ ಅಲ್ಲ, ಕಾಲೇಜಿನ ಸಿಬ್ಬಂದಿಯೂ ಅಲ್ಲ. ಒಂದು ಸೊರಾರಿಟಿಯ, ಅಂದರೆ ಕಾಲೇಜು ಹುಡುಗಿಯರ ಸಂಘವೊಂದರ, ಮುಖ್ಯ ಕಚೇರಿ ಅವಳಿಗೆ ಸಂಬಳ ಕೊಟ್ಟು ಕಳಿಸಿರುತ್ತದೆ. ಒಂದು ಸೆಮಿಸ್ಟರ್, ಕೆಲವು ಸಲ ಇಡೀ ವರ್ಷ ಅಲ್ಲೇ ಉಳಿದು ಆ ಸಂಘದ ಹೊಸ ಚಾಪ್ಟರ್ (ಆ ಕಾಲೇಜಿನ ಶಾಖೆ) ನೆಲೆ ನಿಲ್ಲುವ ಹಾಗೆ ಮಾಡುವುದು ಅವಳ ಕೆಲಸ. ಇವಳೇ ರೆಸಿಡೆಂಟ್ ಕನ್ಸಲ್ಟೆಂಟ್.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸೊರಾರಿಟಿ, ಫ್ರಟರ್ನಿಟಿಗಳ (ಹುಡುಗರ ಸಂಘಗಳ) ಉಸ್ತುವಾರಿ ಕಚೇರಿಯಲ್ಲಿದ್ದೇನೆ. ಇಂಥ ಹುಡುಗಿಯರ ಜೊತೆ ವಾರವಾರ ಕೂತು ಮಾತಾಡುವುದು ನನ್ನ ಕೆಲಸದ ಭಾಗ. ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರೂ ನನ್ನನ್ನು ಆಗಾಗ ಕೇಳುತ್ತಾರೆ: "ಅಕ್ಕಾ, ಮಗಳು ಯಾವುದೋ ಹೊಸ ಸೊರಾರಿಟಿ ಸೇರ್ತಾಳಂತೆ. ಅಲ್ಲಿ ನೋಡಿಕೊಳ್ಳೋರು ಯಾರಾದ್ರೂ ಇರ್ತಾರಾ?" 2021ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ರಷ್ (ಸೊರಾರಿಟಿಗಳು ಹೊಸಬರನ್ನು ಆರಿಸಿಕೊಳ್ಳುವ ಸಮಯ) ವಿಡಿಯೊಗಳು ಟಿಕ್‌ಟಾಕ್‌ನಲ್ಲಿ ಹರಿದಾಡಿದ ಮೇಲೆ ಸೊರಾರಿಟಿ ಅಂದರೆ ಬಟ್ಟೆ, ಡ್ಯಾನ್ಸ್, ಪಾರ್ಟಿ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಒಳಗೆ ನಡೆಯುವ ಕೆಲಸ ಬೇರೆಯೇ ಇದೆ.

ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅನ್ನುವ ಒಕ್ಕೂಟ 1902ರಿಂದ ಇದೆ. ಅದರಲ್ಲಿ 26 ಸೊರಾರಿಟಿಗಳಿವೆ. ಒಂದೊಂದಕ್ಕೂ ಇಂಡಿಯಾನಾಪೊಲಿಸ್, ಮೆಂಫಿಸ್, ಅಟ್ಲಾಂಟಾದಂಥ ಕಡೆ ಮುಖ್ಯ ಕಚೇರಿ, ದೇಶದ ಹಲವು ಕಾಲೇಜುಗಳಲ್ಲಿ ಚಾಪ್ಟರ್. ಹೊಸ ಚಾಪ್ಟರ್ ಶುರು ಮಾಡಲು ಒಬ್ಬಳು ಅಲ್ಲೇ ಹೋಗಿ ಇರುವ ಪದ್ಧತಿ ತುಂಬ ಹಳೆಯದು. ಇಲಿನಾಯ್‌ನ ಮಾನ್ಮತ್ ಕಾಲೇಜಿನಲ್ಲಿ 1867ರಲ್ಲಿ ಹನ್ನೆರಡು ಹುಡುಗಿಯರು ಸೇರಿ ಒಂದು ಸಂಘ ಕಟ್ಟಿದರು. ಇವತ್ತು ಅದು ಪೈ ಬೀಟಾ ಫೈ. ಮರುವರ್ಷವೇ ಅವರಲ್ಲಿ ಒಬ್ಬಳಾದ ಲಿಬ್ಬಿ ಬ್ರೂಕ್ ಐಯೋವಾದ ಮೌಂಟ್ ಪ್ಲೆಸೆಂಟ್ ಊರಿಗೆ ಹೋಗಿ ಅಲ್ಲಿನ ಐಯೋವಾ ವೆಸ್ಲಿಯನ್ ಕಾಲೇಜಿಗೆ ಸೇರಿದಳು. ಅಲ್ಲಿ ಓದುತ್ತಲೇ ಎರಡನೆಯ ಚಾಪ್ಟರ್ ಕಟ್ಟಿದಳು. ಆಗ ಸಂಬಳವೂ ಇಲ್ಲ, ಕೈಪಿಡಿಯೂ ಇಲ್ಲ. ಆದರೆ ಪತ್ರ ಬರೆದರೆ ಆಗುವ ಕೆಲಸ ಇದಲ್ಲ, ಜೊತೆಗೆ ಇದ್ದರೆ ಮಾತ್ರ ಆಗುತ್ತದೆ ಎಂದು ಆ ಹುಡುಗಿಗೆ ಗೊತ್ತಿತ್ತು. ಆ ಮಾತು ಇವತ್ತಿಗೂ ನಿಜ.

ಹೊಸ ಸೊರಾರಿಟಿ ಕ್ಯಾಂಪಸ್ಸಿಗೆ ಸುಮ್ನೆ ಬರುವಂತಿಲ್ಲ. ಈಗಾಗಲೇ ಇರುವ ಚಾಪ್ಟರ್‌ಗಳ ಪ್ಯಾನ್‌ಹೆಲೆನಿಕ್ ಮಂಡಳಿ ಮತ ಹಾಕಿ ಬಾಗಿಲು ತೆಗೆಯಬೇಕು. ಸೇರಲು ಬರುವವರು ಜಾಸ್ತಿಯಾಗಿ, ಇರುವ ಚಾಪ್ಟರ್‌ಗಳು ತೀರಾ ದೊಡ್ಡದಾದಾಗ ಸಾಮಾನ್ಯವಾಗಿ ಈ ಮಾತು ಏಳುತ್ತದೆ. ಆಸಕ್ತಿ ಇರುವ ಸೊರಾರಿಟಿಗಳು ಅರ್ಜಿ ಹಾಕುತ್ತವೆ, ಕೆಲವನ್ನು ಕರೆಸಿ ಮಾತು ಕೇಳುತ್ತಾರೆ, ಒಂದನ್ನು ಆರಿಸುತ್ತಾರೆ. ಹಳೆಯ ಚಾಪ್ಟರ್‌ಗಳು ಒಂದು ವರ್ಷಕ್ಕೆ ಇಷ್ಟೇ ಜನರನ್ನು ತೆಗೆದುಕೊಳ್ಳಬೇಕು ಎಂಬ ಕೋಟಾ ಇರುತ್ತದೆ. ಹೊಸದಕ್ಕೆ ಆ ಕಟ್ಟು ಇಲ್ಲ. ಕ್ಯಾಂಪಸ್ಸಿನಲ್ಲಿ ಒಂದು ಚಾಪ್ಟರ್ ಎಷ್ಟು ದೊಡ್ಡದಿರಬಹುದೋ ಅಷ್ಟರ ತನಕ ಒಂದೇ ಸಲಕ್ಕೆ ಸೇರಿಸಿಕೊಳ್ಳಬಹುದು. ಹಾಗಾಗಿ ದೊಡ್ಡ ಕ್ಯಾಂಪಸ್ಸಿನಲ್ಲಿ ಮೊದಲ ತಂಡವೇ ನೂರು ದಾಟುವುದುಂಟು.

ತೊಡಕು ಇರುವುದೇ ಇಲ್ಲಿ. ಹಳೆಯ ಚಾಪ್ಟರ್‌ನಲ್ಲಿ ಹೊಸಬಳಿಗೆ ಹೇಳಿಕೊಡಲು ಸೀನಿಯರ್‌ಗಳು ಇರುತ್ತಾರೆ. ಸಭೆ ಹೇಗೆ ನಡೆಸಬೇಕು, ದುಡ್ಡು ಕಟ್ಟದವಳನ್ನು ಹೇಗೆ ಕೇಳಬೇಕು, ಜಗಳ ಆದರೆ ಯಾರ ಹತ್ತಿರ ಹೋಗಬೇಕು ಎಂಬುದನ್ನೆಲ್ಲ ನೋಡಿ ನೋಡಿ ಕಲಿಯುತ್ತಾರೆ. ಹೊಸ ಚಾಪ್ಟರ್‌ನಲ್ಲಿ ಎಲ್ಲರೂ ಒಂದೇ ದಿನ ಬಂದವರು. ಅಧ್ಯಕ್ಷೆಯೂ ಹೊಸಬಳು, ಖಜಾಂಚಿಯೂ ಹೊಸಬಳು. ಮುಖ್ಯ ಕಚೇರಿಯ ತಂಡ ಎರಡು ವಾರ ಬಂದು, ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸಿ, ಬಿಡ್ (ಸೇರಲು ಆಹ್ವಾನ) ಕೊಟ್ಟು, ಫೋಟೊ ತೆಗೆಸಿ ಹೊರಟುಬಿಡುತ್ತದೆ. ಉಳಿಯುವವಳು ಆ ಒಬ್ಬಳು ಕನ್ಸಲ್ಟೆಂಟ್, ಅದೃಷ್ಟ ಇದ್ದರೆ ಇಬ್ಬರು.

ಮುಂದಿನ ತಿಂಗಳುಗಳ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಪದಾಧಿಕಾರಿಗಳನ್ನು ಆರಿಸಬೇಕು. ಬಜೆಟ್ ಬರೆಯಬೇಕು. ಸದಸ್ಯತ್ವದ ಶುಲ್ಕ, ಕಂತು, ಬಾಕಿ ಎಲ್ಲದರ ಲೆಕ್ಕ ಇಡಬೇಕು. ಅಂಕ ಕಡಿಮೆ ಬಂದವರಿಗೆ ಓದಿನ ಯೋಜನೆ ಆಗಬೇಕು. ಫ್ರಟರ್ನಿಟಿ ಜೊತೆ ಕಾರ್ಯಕ್ರಮ ಇಟ್ಟರೆ ಯಾರು ಕುಡಿಯದೆ ಕಾವಲಿರಬೇಕು, ಬಸ್ಸು ಯಾರು ಗೊತ್ತು ಮಾಡಬೇಕು, ಅತಿಥಿಗಳ ಪಟ್ಟಿ ಎಲ್ಲಿ ಕೊಡಬೇಕು ಎಂದು ಗೊತ್ತಿರಬೇಕು. ಇದೆಲ್ಲ ನಡೆಯುವಾಗಲೇ ನೂರು ಜನ ಅಪರಿಚಿತರು ಒಬ್ಬರಿಗೊಬ್ಬರು ಗೆಳತಿಯರಾಗಬೇಕು. ಮೊದಲ ತಿಂಗಳ ಸಂಭ್ರಮ ಇಳಿದಾಗ, ಅಕ್ಟೋಬರ್ ಹೊತ್ತಿಗೆ, ಸದಸ್ಯರು ಬಿಟ್ಟುಹೋಗಲು ಶುರು ಮಾಡುತ್ತಾರೆ. "ನನಗೆ ಇಲ್ಲಿ ಯಾರೂ ಗೊತ್ತಿಲ್ಲ" ಅನ್ನುವುದೇ ನಾನು ಜಾಸ್ತಿ ಕೇಳಿರುವ ಕಾರಣ. ಆ ವಾರಗಳಲ್ಲಿ ಒಬ್ಬ ಒಳ್ಳೆಯ ಕನ್ಸಲ್ಟೆಂಟ್ ದೊಡ್ಡ ಕಾರ್ಯಕ್ರಮಗಳ ಗೊಡವೆ ಬಿಟ್ಟು ಊಟದ ಹಾಲ್‌ನಲ್ಲಿ ನಾಲ್ಕು ನಾಲ್ಕು ಜನರನ್ನು ಜೊತೆಗೆ ಕೂರಿಸುತ್ತಾಳೆ. ಇದಕ್ಕಿಂತ ಚೆನ್ನಾಗಿ ನಡೆಯುವ ಉಪಾಯ ನಾನು ನೋಡಿಲ್ಲ.

ಇಷ್ಟೆಲ್ಲ ಕೆಲಸ ಇರುವಾಗ ಅವಳೇ ಮಾಡಿಬಿಡುವುದು ಸುಲಭ. ನೋಡಲೂ ಚೆನ್ನಾಗಿರುತ್ತದೆ. ಸಭೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ವರದಿ ತಪ್ಪಿಲ್ಲದೆ ಹೋಗುತ್ತದೆ. ಆದರೆ ನನ್ನ ಅನುಭವದಲ್ಲಿ ಹೊಸ ಚಾಪ್ಟರ್ ಕೆಡುವುದು ಇದೇ ದಾರಿಯಲ್ಲಿ. ನಮ್ಮ ಕಡೆಯಿಂದ ಬಾಣಂತನಕ್ಕೆ ಇಲ್ಲಿಗೆ ಬಂದ ಅಮ್ಮ, ಮಗುವಿಗೆ ಎಣ್ಣೆ ನೀರು ಹಾಕುವುದನ್ನು ದಿನಾ ತಾನೇ ಮಾಡಿದರೆ, ಅವಳು ವಿಮಾನ ಹತ್ತಿದ ಮರುದಿನ ಮಗಳಿಗೆ ಕೈ ನಡುಗುತ್ತದೆ, ಅಲ್ವಾ? ಹಾಗೇ ಇದು. ಮೇ ತಿಂಗಳಲ್ಲಿ ಕನ್ಸಲ್ಟೆಂಟ್ ಹೊರಡುತ್ತಾಳೆ. ಆಗಸ್ಟ್‌ನಲ್ಲಿ ಚಾಪ್ಟರ್ ಮೊದಲ ಬಾರಿಗೆ ಉಳಿದವರ ಹಾಗೆ ಪೂರ್ತಿ ರಿಕ್ರೂಟ್‌ಮೆಂಟ್, ಅಂದರೆ ರಷ್, ನಡೆಸಬೇಕು. ಹಿಂದಿನ ವರ್ಷ ಹಾಡು, ಮಾತು, ಪಟ್ಟಿ ಎಲ್ಲ ಮುಖ್ಯ ಕಚೇರಿ ಮಾಡಿಕೊಟ್ಟಿತ್ತು. ಈಗ ಇವರೇ ಮಾಡಬೇಕು.

ಅದಕ್ಕೇ ಪ್ರತಿ ಕನ್ಸಲ್ಟೆಂಟ್‌ಗೂ ನಾನು ಒಂದೇ ಮಾತು ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ನೀನು ಮಾಡು, ಅವರು ನೋಡಲಿ. ನವೆಂಬರ್‌ನಲ್ಲಿ ಅವರು ಮಾಡಲಿ, ನೀನು ಪಕ್ಕದಲ್ಲಿ ಕೂರು. ಫೆಬ್ರವರಿ ನಂತರ ಸಭೆಯಲ್ಲಿ ನಿನ್ನ ಧ್ವನಿ ಕೇಳಬಾರದು. ಖಜಾಂಚಿ ಲೆಕ್ಕ ತಪ್ಪಿದರೆ ತಪ್ಪಲಿ, ತಿದ್ದುವುದನ್ನು ಅವಳೇ ಕಲಿಯಲಿ. ಯಾರ ಜೀವಕ್ಕೆ ಅಪಾಯ ಇದೆಯೋ ಅಲ್ಲಿ ಮಾತ್ರ ಕಾಯಬೇಡ, ತಕ್ಷಣ ಕೈ ಹಾಕು. ಹೇಜಿಂಗ್ (ಹೊಸಬರಿಗೆ ಕೊಡುವ ರ‍್ಯಾಗಿಂಗ್‌ನಂಥ ಕಿರುಕುಳ), ಮಿತಿ ಮೀರಿದ ಕುಡಿತ, ಸಾಯುವ ಮಾತು, ಈ ಮೂರರಲ್ಲಿ ಕಲಿಕೆಯ ಪ್ರಶ್ನೆಯೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಬಂದ ಮೇಲೆ ಹೇಜಿಂಗ್ ಪ್ರಕರಣಗಳನ್ನು ಕಾಲೇಜುಗಳು ಸಾರ್ವಜನಿಕವಾಗಿ ತಿಳಿಸಲೇಬೇಕು. ಹೊಸ ಚಾಪ್ಟರ್‌ಗೆ ಇಲ್ಲಿ ಒಂದು ಅನುಕೂಲ ಇದೆ. "ನಮ್ಮ ಕಾಲದಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ" ಎನ್ನುವವರು ಯಾರೂ ಇಲ್ಲ. ಮೊದಲ ವರ್ಷ ಕೂತ ಅಭ್ಯಾಸವೇ ಮುಂದೆ ಸಂಪ್ರದಾಯ ಆಗುತ್ತದೆ.

ಮೊದಲ ತಂಡದಲ್ಲಿ ಯಾರಿದ್ದಾರೆ ಎಂಬುದೂ ಮುಖ್ಯ. ಬರೀ ಮೊದಲ ವರ್ಷದವರನ್ನೇ ತುಂಬಿಕೊಂಡರೆ ಕ್ಯಾಂಪಸ್ ಗೊತ್ತಿರುವವರೇ ಇರುವುದಿಲ್ಲ. ಕೊನೆಯ ವರ್ಷದವರು ಜಾಸ್ತಿಯಾದರೆ ಮೇ ತಿಂಗಳಲ್ಲಿ ಕನ್ಸಲ್ಟೆಂಟ್ ಜೊತೆ ಅವರೂ ಹೊರಡುತ್ತಾರೆ. ಎರಡನೇ, ಮೂರನೇ ವರ್ಷದ ಹುಡುಗಿಯರನ್ನು ಹುಡುಕಿ ತಂದ ಚಾಪ್ಟರ್‌ಗಳು ಗಟ್ಟಿಯಾಗಿ ನಿಂತದ್ದನ್ನು ನಾನು ನೋಡಿದ್ದೇನೆ.

ಇನ್ನು ಈ ಹುಡುಗಿಯ ಬದುಕಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಹೆಚ್ಚಿನವರು ಹೇಳುವುದಿಲ್ಲ. ಹೋದ ವರ್ಷ ತಾನೂ ವಿದ್ಯಾರ್ಥಿನಿ. ಬೇಸಿಗೆಯಲ್ಲಿ ಮುಖ್ಯ ಕಚೇರಿಯಲ್ಲಿ ಕೆಲವು ವಾರ ತರಬೇತಿ, ನೇರ ಇಲ್ಲಿಗೆ. ಸುತ್ತ ಇರುವವರು ಹೆಚ್ಚುಕಡಿಮೆ ತನ್ನದೇ ವಯಸ್ಸಿನವರು, ಆದರೆ ಗೆಳತಿಯರಾಗುವಂತಿಲ್ಲ. ಅವರ ಜೊತೆ ಪಾರ್ಟಿಗೆ ಹೋಗುವಂತಿಲ್ಲ, ಕುಡಿಯುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಅಧ್ಯಕ್ಷೆ ಅಳುತ್ತಾ ಫೋನ್ ಮಾಡಿದರೆ ಎತ್ತಬೇಕು. ತನಗೆ ಅಳು ಬಂದರೆ ಮಾತಾಡಲು ಆ ಊರಿನಲ್ಲಿ ಯಾರೂ ಇಲ್ಲ. ಅವಳನ್ನು ನಾನು ಮೊದಲ ವಾರವೇ ಕ್ಯಾಂಪಸ್ಸಿನ ಕಿರಿಯ ಸಿಬ್ಬಂದಿಗೆ ಪರಿಚಯ ಮಾಡಿಸುತ್ತೇನೆ. ವಾರಕ್ಕೆ ಒಂದು ದಿನ ಫೋನ್ ಆರಿಸಿಡಲು ಬಿಡಿ ಎಂದು ಮುಖ್ಯ ಕಚೇರಿಗೆ ಬರೆಯುತ್ತೇನೆ. ಒಂಟಿಯಾಗಿ ದಣಿದ ಹುಡುಗಿಯ ಕೈಯಲ್ಲಿ ನೂರು ಹುಡುಗಿಯರ ಯೋಗಕ್ಷೇಮ ಇಡುವುದು ನ್ಯಾಯವಲ್ಲ.

ಅವಳ ಭಾರ ಇಳಿಸಬೇಕಾದವರು ಊರಿನ ಹಳೆಯ ಸದಸ್ಯೆಯರು. ಲೆಕ್ಕ ಗೊತ್ತಿರುವ ಒಬ್ಬರು ಖಜಾಂಚಿಗೆ, ವಕೀಲೆಯೋ ನರ್ಸೋ ಆಗಿರುವ ಒಬ್ಬರು ಸುರಕ್ಷತೆ ನೋಡಿಕೊಳ್ಳುವವಳಿಗೆ, ಹೀಗೆ ಸಲಹೆಗಾರ್ತಿಯರು ಬೇಕು. ಕನ್ಸಲ್ಟೆಂಟ್ ಹೆಚ್ಚೆಂದರೆ ಒಂದು ವರ್ಷ ಇರುತ್ತಾಳೆ, ಇವರು ಹತ್ತು ವರ್ಷ ಇರಬಲ್ಲರು. ಕಪ್ಪು ಮಹಿಳೆಯರ ಸೊರಾರಿಟಿಗಳು ಇದನ್ನು ಚೆನ್ನಾಗಿ ಮಾಡಿಕೊಂಡು ಬಂದಿವೆ. ಹೊವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾದಂಥವುಗಳಲ್ಲಿ ಪದವಿ ಮುಗಿಸಿದವರದ್ದೇ ಚಾಪ್ಟರ್ ಇರುತ್ತದೆ, ಕಾಲೇಜಿನ ಚಾಪ್ಟರ್‌ಗೆ ಬೆನ್ನೆಲುಬು ಅವರೇ. ನಮ್ಮ ಕಡೆಯ ಹುಡುಗಿಯರು ಸೇರುವ ದಕ್ಷಿಣ ಏಷ್ಯಾದ ಸೊರಾರಿಟಿಗಳು ಇನ್ನೂ ಎಳೆಯವು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಹುಟ್ಟಿದ್ದು 1998ರಲ್ಲಿ. ಅಲ್ಲಿ ಚಾಪ್ಟರ್‌ಗಳು ಚಿಕ್ಕವು, ಕೈ ಹಿಡಿಯುವವರು ಮುಖ್ಯವಾಗಿ ಸ್ವಯಂಸೇವಕರು.

ಮಗಳು ಹೊಸ ಚಾಪ್ಟರ್ ಸೇರುವುದಾದರೆ ಮೊದಲು ಇಷ್ಟು ಕೇಳಿಸಿ: ಕನ್ಸಲ್ಟೆಂಟ್ ಯಾವ ತಿಂಗಳ ತನಕ ಇರುತ್ತಾಳೆ? ಹತ್ತಿರದಲ್ಲೇ ಇರುವ ಎಷ್ಟು ಜನ ಸಲಹೆಗಾರ್ತಿಯರು ಈಗಾಗಲೇ ಒಪ್ಪಿದ್ದಾರೆ? ಎರಡನೇ ವರ್ಷ ಮುಖ್ಯ ಕಚೇರಿಯಿಂದ ಯಾರು, ಎಷ್ಟು ಸಲ ಬರುತ್ತಾರೆ?

ಪದವಿ ಮುಗಿಸಿ ತಾನೇ ಕನ್ಸಲ್ಟೆಂಟ್ ಆಗುತ್ತೇನೆ ಅಂದರೆ ಬೇಡ ಅನ್ನಬೇಡಿ. ಜನರನ್ನು, ಹಣವನ್ನು, ಕಷ್ಟದ ಮಾತುಗಳನ್ನು ನಿಭಾಯಿಸಲು ಆ ವಯಸ್ಸಿನಲ್ಲಿ ಇಷ್ಟು ಕಲಿಸುವ ಕೆಲಸ ಕಡಿಮೆ. ವಸತಿ, ಆರೋಗ್ಯ ವಿಮೆ, ಓಡಾಟದ ಖರ್ಚು, ರಜೆ, ಮೇಲಿನವರು ಯಾರು ಎಂಬುದೆಲ್ಲ ಕೆಲಸದ ಪತ್ರದಲ್ಲಿ ಬರೆದಿರಲಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಿದವಳಾದರೆ ಒಪಿಟಿ (ಓದಿದ ಮೇಲೆ ಅಮೆರಿಕದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿ) ಕೆಲಸ ಓದಿದ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿರಬೇಕು. ಕೆಲಸಕ್ಕೆ ಒಪ್ಪುವ ಮೊದಲೇ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಅದನ್ನು ಕೇಳಿಕೊಳ್ಳಲಿ.