ಲಿಂಕ್ ನನ್ನದೇ, ಕಮಿಷನ್ ಯಾರ ಪಾಲಾಯಿತು?

ಪ್ರಶ್ನೆ: ನಾನು ಚಿಕ್ಕದೊಂದು ಅಡುಗೆ ಚಾನೆಲ್ ನಡೆಸುತ್ತೇನೆ. ಗೆಳತಿಯೊಬ್ಬಳು ಅಲ್ಲಿ ನಾನು ಹಾಕಿದ್ದ ಅಮೆಜಾನ್ ಲಿಂಕ್ ಒತ್ತಿಯೇ ಮಿಕ್ಸಿ ಕೊಂಡಳು. ಆ ಲಿಂಕಿನಿಂದ ಮಾರಾಟವಾದರೆ ನನಗೆ ಕಮಿಷನ್ ಬರಬೇಕು. ಮೂರು ವಾರ ಆಯ್ತು, ನನ್ನ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ. ಕಂಪನಿಯವರು ನುಂಗಿಬಿಟ್ಟರಾ?

ಉತ್ತರ: ಬೈಯುವ ಮೊದಲು ಗೆಳತಿಯನ್ನು ಒಂದು ಮಾತು ಕೇಳಿ. ಲಿಂಕ್ ಒತ್ತಿದ ಮೇಲೆ ದುಡ್ಡು ಕಟ್ಟುವ ತನಕ ಅವಳು ಏನೇನು ಮಾಡಿದಳು?

ನಿಮ್ಮ ಲಿಂಕಿನ ಉದ್ದನೆಯ ವಿಳಾಸ ನೋಡಿ. ಅದರಲ್ಲಿ ಎಲ್ಲೋ ಒಂದು ಕಡೆ ‘ಟ್ಯಾಗ್’ ಅಂತ ಇದ್ದು, ಪಕ್ಕದಲ್ಲೇ ನಿಮ್ಮ ಗುರುತಿನ ಹೆಸರು, ಅದರ ಬಾಲಕ್ಕೆ ಸಾಮಾನ್ಯವಾಗಿ 21 ಇರುತ್ತದೆ. ಲಿಂಕ್ ಒತ್ತಿದಾಗ ಈ ಗುರುತು ಕುಕೀ ಎಂಬ ಚೀಟಿಯಾಗಿ ಅವಳ ಬ್ರೌಸರ್‌ನಲ್ಲಿ ಕೂರುತ್ತದೆ. ಅಂಗಡಿ ಕಮಿಷನ್ ಬರೆದುಕೊಳ್ಳುವುದು ಆ ಚೀಟಿ ನೋಡಿಯೇ. ಅದರ ಆಯಸ್ಸು 24 ಗಂಟೆ. ಅಷ್ಟರೊಳಗೆ ಕಾರ್ಟ್‌ಗೆ ಹಾಕಿಟ್ಟರೆ ಮಾತ್ರ ಇನ್ನೂ ಜಾಸ್ತಿ ದಿನ ಸಿಗುತ್ತದೆ. ಈ ಮಧ್ಯೆ ಅವಳು ಬೇರೊಬ್ಬರ ಲಿಂಕ್ ಒತ್ತಿದರೆ ನಿಮ್ಮ ಚೀಟಿ ಹೋಗಿ ಅವರದು ಬರುತ್ತದೆ. ಕೊನೆಯ ಕ್ಲಿಕ್ಕಿಗೇ ಕಮಿಷನ್.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಹೊಸದಲ್ಲ. ಒಬ್ಬ ಬ್ರೋಕರ್ ಬಿಸಿಲಲ್ಲಿ ಹತ್ತು ಮನೆ ತೋರಿಸುತ್ತಾನೆ. ಅಡ್ವಾನ್ಸ್ ಕೊಡುವ ದಿನ ಗೇಟಿನ ಹತ್ತಿರ ನಿಂತಿದ್ದ ಇನ್ನೊಬ್ಬ ‘ಪಾರ್ಟಿ ನಮ್ಮದೇ’ ಅನ್ನುತ್ತಾನೆ!

ಈ ದಂಧೆಯ ದೊಡ್ಡ ಮೋಸಗಳೆಲ್ಲ ಆ ಗೇಟಿನ ಹತ್ತಿರವೇ ನಡೆಯುತ್ತವೆ. ಅಮೆರಿಕದಲ್ಲಿ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಗೆ ಗಿರಾಕಿ ಕಳಿಸುವವರಲ್ಲಿ ಶಾನ್ ಹೋಗನ್ ಎಂಬಾತ ದೊಡ್ಡ ಕುಳ. ಅವನ ಕಂಪನಿಗೆ ಬಂದ ಕಮಿಷನ್ ಸುಮಾರು 2.8 ಕೋಟಿ ಡಾಲರ್. ಆದರೆ ಜನ ಯಾವುದೋ ಬೇರೆ ಪುಟ ಓದುತ್ತಿರುವಾಗ, ಏನೂ ಒತ್ತದೇ ಇದ್ದರೂ, ಅವರ ಬ್ರೌಸರ್‌ಗೆ ಅವನ ಚೀಟಿ ಗುಟ್ಟಾಗಿ ಸೇರುತ್ತಿತ್ತು. ಮುಂದೆ ಎಂದಾದರೂ ಅವರು ತಾವಾಗಿಯೇ ಇಬೇಗೆ ಹೋಗಿ ಏನಾದರೂ ಕೊಂಡರೆ ಕಮಿಷನ್ ಇವನಿಗೆ. ಇಬೇ ತನ್ನ ದೂರಿನಲ್ಲಿ ಇನ್ನೊಂದು ಮಾತು ಹೇಳಿತ್ತು: ತನ್ನ ಮುಖ್ಯ ಕಚೇರಿ ಇರುವ ಸ್ಯಾನ್ ಹೋಸೆಯವರ ಕಂಪ್ಯೂಟರಿಗೆ ಮಾತ್ರ ಈ ಚೀಟಿ ಬೀಳದ ಹಾಗೆ ಹೋಗನ್ ಕಡೆಯವರು ನೋಡಿಕೊಂಡಿದ್ದರಂತೆ. ಚಾಲಾಕಿತನ ಅಂದ್ರೆ ಇದು! 2014ರಲ್ಲಿ ಅವನಿಗೆ 5 ತಿಂಗಳ ಜೈಲಾಯಿತು.

ಹನಿ ಎಂಬ ಕೂಪನ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡರೆ ರಿಯಾಯಿತಿ ಕೂಪನ್ ಹುಡುಕಿಕೊಡುವ ಪುಟ್ಟ ಸಾಫ್ಟ್‌ವೇರ್) ಕತೆ ಇತ್ತೀಚಿನದು. ಆನ್‌ಲೈನ್ ಪಾವತಿ ಕಂಪನಿ ಪೇಪಾಲ್ 2020ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತ್ತು. ದುಡ್ಡು ಕಟ್ಟುವ ಹೊತ್ತಿಗೆ ಅದು ಯೂಟ್ಯೂಬರ್‌ಗಳ ಚೀಟಿ ಅಳಿಸಿ ತನ್ನದನ್ನು ಅಂಟಿಸುತ್ತದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಜೋರಾಗಿ ಎದ್ದಿತು. ಕಂಪನಿ ತಾನು ಉದ್ಯಮದ ನಿಯಮದಂತೆಯೇ ನಡೆದಿದ್ದೇನೆ ಎಂದಿತು. ನನಗೆ ಸಿಟ್ಟು ಬರುವುದು ಕೊನೆಯ ಕ್ಲಿಕ್ಕಿಗೇ ಕಮಿಷನ್ ಅನ್ನುವ ಆ ನಿಯಮದ ಮೇಲೇ. ಕೆಲವೇ ತಿಂಗಳಲ್ಲಿ ಗೂಗಲ್ ಕ್ರೋಮ್ ಎಕ್ಸ್‌ಟೆನ್ಷನ್‌ಗಳ ನಿಯಮ ಬಿಗಿ ಮಾಡಿತು. ಬಳಸುವವರಿಗೆ ನಿಜವಾದ ಲಾಭ ಇಲ್ಲದೆ, ಅವರು ತಾವಾಗಿ ಒತ್ತದೆ, ಕಮಿಷನ್ ಲಿಂಕ್ ತೂರಿಸುವ ಹಾಗಿಲ್ಲ.

ಅಂಗಡಿಗಳೂ ಸುಮ್ನೆ ಕೂತಿಲ್ಲ. ಎಷ್ಟೋ ಕಡೆ ಈಗ ಪ್ರತಿ ಕ್ಲಿಕ್ಕಿಗೂ ಒಂದೊಂದು ನಂಬರ್ ಕೊಟ್ಟು, ಮಾರಾಟವಾದಾಗ ಸರ್ವರ್‌ನಿಂದ ಸರ್ವರ್‌ಗೇ, ಅಂದರೆ ಅಂಗಡಿಯ ಕಂಪ್ಯೂಟರಿನಿಂದ ಕಮಿಷನ್ ಲೆಕ್ಕ ಇಡುವ ಕಂಪ್ಯೂಟರಿಗೇ ನೇರವಾಗಿ, ಸುದ್ದಿ ಮುಟ್ಟಿಸುತ್ತಾರೆ. ಬ್ರೌಸರ್‌ನ ಚೀಟಿಯನ್ನೇ ನಂಬಿ ಕೂರುವುದಿಲ್ಲ. ಒಂದೇ ಕಡೆಯಿಂದ ಸಾವಿರಾರು ಕ್ಲಿಕ್ ಬಂದು ಒಂದೂ ಮಾರಾಟ ಆಗದಿದ್ದರೆ ಅನುಮಾನ. ಕ್ಲಿಕ್ ಮಾಡಿದ ಎರಡೇ ಸೆಕೆಂಡಿನಲ್ಲಿ ಆರ್ಡರ್ ಆಗಿದ್ದರೂ ಅನುಮಾನ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಅಮೆಜಾನ್ ಕಮಿಷನ್ ಕೊಡುವುದಿಲ್ಲ. ಸಾಮಾನು ವಾಪಸ್ ಹೋದರೆ ಬಂದಿದ್ದನ್ನೂ ಕಳೆಯುತ್ತಾರೆ.

ಈಗ ನಿಮ್ಮ ಮಿಕ್ಸಿಗೆ ಬರೋಣ. ಅಮೆಜಾನ್ ನಿಮಗೆ ಕೊಡುವ ಕ್ಲಿಕ್-ಆರ್ಡರ್ ರಿಪೋರ್ಟ್ ತೆಗೆಯಿರಿ. ಆರ್ಡರ್ ಕಾಣಿಸಿ ಕಮಿಷನ್ ಮಾತ್ರ ಇಲ್ಲದಿದ್ದರೆ, ಮಿಕ್ಸಿ ವಾಪಸ್ ಹೋಯಿತಾ ಕೇಳಿ. ಕ್ಲಿಕ್ ಇದ್ದು ಆರ್ಡರೇ ಇಲ್ಲ ಅಂದರೆ ಚೀಟಿ ದಾರಿಯಲ್ಲಿ ಕಳೆದಿದೆ. ಬ್ರೌಸರ್‌ನಲ್ಲಿ ಲಿಂಕ್ ತೆರೆದು, ಆಮೇಲೆ ಅಮೆಜಾನ್ ಆ್ಯಪ್‌ಗೆ ಹೋಗಿ ಹುಡುಕಿ ಕೊಂಡಳಾ? ಲ್ಯಾಪ್‌ಟಾಪ್‌ನಲ್ಲಾದರೆ ಕೂಪನ್ ಎಕ್ಸ್‌ಟೆನ್ಷನ್ ಏನಾದರೂ ಇತ್ತಾ? ಅಥವಾ ಮಿಕ್ಸಿ ಚೆನ್ನಾಗಿದೆಯಾ ಅಂತ ಇನ್ನೊಬ್ಬರ ವಿಡಿಯೋ ನೋಡಿ, ಅವರ ಲಿಂಕ್ ಒತ್ತಿದಳಾ? ನನಗೆ ಇದರ ಮೇಲೇ ಅನುಮಾನ ಜಾಸ್ತಿ.