ಹಳ್ಳಿ ಕೌಂಟಿಯ ಟಿಕೆಟ್ ಮರೆತೆ, ನನ್ನ ಮೇಲೆ ವಾರಂಟ್ ಇದೆಯಾ?

ಓದುಗರ ಪ್ರಶ್ನೆ: "ಡಾಲಸ್ ಹತ್ತಿರ ಎಂ.ಎಸ್. ಓದುತ್ತಿದ್ದೇನೆ. ಹೋದ ವರ್ಷ ಹ್ಯೂಸ್ಟನ್‌ಗೆ ಹೋಗುವಾಗ ದಾರಿಯಲ್ಲಿ ಒಂದು ಸಣ್ಣ ಕೌಂಟಿಯಲ್ಲಿ ಸ್ಪೀಡಿಂಗ್ ಟಿಕೆಟ್ ಕೊಟ್ಟರು. ಪರೀಕ್ಷೆ, ಮನೆ ಬದಲಾವಣೆ ಗಡಿಬಿಡಿಯಲ್ಲಿ ಕೋರ್ಟ್ ತಾರೀಕು ಮರೆತೇ ಹೋಯಿತು. ಟಿಕೆಟ್ ಕೂಡ ಕಳೆದಿದೆ. ಬೆಂಚ್ ವಾರಂಟ್ ಆಗಿರುತ್ತೆ ಅಂತ ರೂಮ್‌ಮೇಟ್ ಹೆದರಿಸುತ್ತಿದ್ದಾನೆ. ಹೇಗೆ ತಿಳಿದುಕೊಳ್ಳೋದು? ಕೇಳೋಕೆ ಹೋದರೆ ಅಲ್ಲೇ ಹಿಡಿದು ಒಳಗೆ ಹಾಕ್ತಾರಾ? ಡಿಸೆಂಬರ್‌ನಲ್ಲಿ ಊರಿಗೆ ಬರಬೇಕು."

ಮೊದಲು ಸ್ವಲ್ಪ ಉಸಿರು ಬಿಡಿ. ಇದು ಸರಿಪಡಿಸಬಹುದಾದ ವಿಷಯ. ಬಹಳ ಸಲ ಒಂದು ಫೋನ್ ಕರೆಯಿಂದಲೇ ದಾರಿ ಕಾಣುತ್ತದೆ. ಆದರೆ ಆ ಕರೆ ನೀವೇ ಮಾಡಬೇಕು, ಬೇಗ ಮಾಡಬೇಕು. ಬೆಂಚ್ ವಾರಂಟ್ ಅಂದರೆ ಕೋರ್ಟಿಗೆ ಬಾರದವರನ್ನು ಹಿಡಿದು ತನ್ನಿ ಅಂತ ಜಡ್ಜ್ ಹೊರಡಿಸುವ ಆದೇಶ. ಅದು ತಾನಾಗಿ ಸಾಯುವುದಿಲ್ಲ. ವರ್ಷ ಕಳೆದರೂ ಅದು ಅಲ್ಲೇ ಇರುತ್ತದೆ. ಕೋರ್ಟ್ ಹಿಂಪಡೆಯಬೇಕು, ಇಲ್ಲವೇ ಪೊಲೀಸರು ನಿಮ್ಮನ್ನು ಹಿಡಿಯಬೇಕು. ಇದರಲ್ಲಿ ಮೊದಲನೆಯದು ಆಗುವ ಹಾಗೆ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ನಾನು ಇಲ್ಲಿ ಹೇಳುವುದೆಲ್ಲ ಟೆಕ್ಸಸ್ ಲೆಕ್ಕ. ಬೇರೆ ರಾಜ್ಯದಲ್ಲಿ ಕೋರ್ಟಿನ ಹೆಸರು, ನಿಯಮ ಎರಡೂ ಬದಲಾಗುತ್ತವೆ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಥರ. ಅದರಲ್ಲಿ ಲವಿಂಗ್ ಕೌಂಟಿ ಅಂತ ಒಂದಿದೆ, 2020ರ ಜನಗಣತಿಯಲ್ಲಿ ಅಲ್ಲಿದ್ದವರು 64 ಜನ. ಡಾಲಸ್‌ನಿಂದ ಹ್ಯೂಸ್ಟನ್‌ಗೆ ಇಂಟರ್‌ಸ್ಟೇಟ್ 45 ಹಿಡಿದು ಹೋದರೆ ಫ್ರೀಸ್ಟೋನ್, ಲಿಯಾನ್, ಮ್ಯಾಡಿಸನ್ ಥರದ ಕೌಂಟಿಗಳನ್ನು ದಾಟುತ್ತೀರಿ. ಲಿಯಾನ್ ಕೌಂಟಿಯ ಜನಸಂಖ್ಯೆ ಸುಮಾರು 16 ಸಾವಿರ. ಇಂಥ ಕಡೆ ಕೋರ್ಟ್ ಕಚೇರಿ ಅಂದರೆ ಒಬ್ಬ ಜಡ್ಜ್, ಒಬ್ಬಿಬ್ಬರು ಕ್ಲರ್ಕ್, ಅಷ್ಟೇ ಇರಬಹುದು. ದೊಡ್ಡ ಊರಿನ ಕೋರ್ಟಿನಲ್ಲಿ ಇರುವಂಥ ಆನ್‌ಲೈನ್ ಹುಡುಕಾಟ ಇಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಹಾಗಾಗಿ ಮೊದಲು ಯಾವ ಕೋರ್ಟ್ ಅನ್ನುವುದನ್ನು ಪತ್ತೆ ಮಾಡಿ. ಟಿಕೆಟ್ ಕಳೆದವರು ತಡಕಾಡುವುದು ಇಲ್ಲೇ. ನಿಲ್ಲಿಸಿದ್ದು ಯಾರು ಅಂತ ನೆನಪಿಸಿಕೊಳ್ಳಿ. ಊರಿನ ಸಿಟಿ ಪೊಲೀಸ್ ಆಗಿದ್ದರೆ ಕೇಸು ಸಾಮಾನ್ಯವಾಗಿ ಆ ಊರಿನ ಮುನಿಸಿಪಲ್ ಕೋರ್ಟಿಗೆ ಹೋಗಿರುತ್ತದೆ. ಹೆದ್ದಾರಿಯ ಸ್ಟೇಟ್ ಟ್ರೂಪರ್, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಡೆಯ ಡೆಪ್ಯುಟಿ ಅಥವಾ ಕಾನ್‌ಸ್ಟೆಬಲ್ ಆಗಿದ್ದರೆ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ, ಅಂದರೆ ಅಲ್ಲಿನವರು ಜೆ.ಪಿ. ಕೋರ್ಟ್ ಅನ್ನುವ ಕಡೆಗೆ. ಒಂದೇ ಕೌಂಟಿಯಲ್ಲಿ ಇಂಥ ಕೋರ್ಟ್ ಎರಡು, ನಾಲ್ಕು ಇರಬಹುದು, ಪ್ರಿಸಿಂಕ್ಟ್ ಒಂದು, ಎರಡು ಅಂತ ನಂಬರ್ ಹಾಕಿರುತ್ತಾರೆ. ಯಾವ ಊರಿನ ಹತ್ತಿರ, ಯಾವ ಎಕ್ಸಿಟ್ ಅಂತ ಗೊತ್ತಿದ್ದರೆ ಕ್ಲರ್ಕ್ ಹೇಳಿಬಿಡುತ್ತಾರೆ. ಗೊತ್ತಿಲ್ಲದಿದ್ದರೆ ಕೌಂಟಿಯ ಎಲ್ಲ ಜೆ.ಪಿ. ಕೋರ್ಟ್‌ಗಳಿಗೂ ಫೋನ್ ಮಾಡಿ, ಇರುವುದೇ ಬೆರಳೆಣಿಕೆಯಷ್ಟು ತಾನೇ.

ಫೋನ್ ನಂಬರನ್ನು ಕೌಂಟಿಯ ಅಧಿಕೃತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ದುಡ್ಡು ಕೇಳುವ ವಾರಂಟ್ ಹುಡುಕಾಟದ ಸೈಟುಗಳನ್ನು ನಂಬಿ ಕೂರಬೇಡಿ, ಸಣ್ಣ ಕೌಂಟಿಗಳ ಮಾಹಿತಿ ಅಲ್ಲಿ ಇಲ್ಲದೇ ಇರಬಹುದು, ಹಳೆಯದಾಗಿರಬಹುದು. ಟೆಕ್ಸಸ್ ಇಡೀ ರಾಜ್ಯದ ವಾರಂಟುಗಳನ್ನು ಜನರಿಗೆ ತೋರಿಸುವ ಒಂದೇ ಪಟ್ಟಿ ಇಲ್ಲ. ಆಮ್ನಿಬೇಸ್ ಅನ್ನುವ ವ್ಯವಸ್ಥೆ ಇದೆ, ಕೋರ್ಟಿಗೆ ಬಾರದವರ ಹೆಸರು ಅದರಲ್ಲಿ ಸೇರಿದರೆ ಡ್ರೈವಿಂಗ್ ಲೈಸೆನ್ಸ್ ನವೀಕರಣ ನಿಲ್ಲುತ್ತದೆ. ಅದರ ಸೈಟಿನಲ್ಲಿ ಲೈಸೆನ್ಸ್ ನಂಬರ್, ಹುಟ್ಟಿದ ದಿನ ಕೊಟ್ಟು ನೋಡಬಹುದು. ಅಲ್ಲಿ ಹೆಸರಿದ್ದರೆ ಯಾವ ಕೋರ್ಟ್ ಅಂತಲೂ ಗೊತ್ತಾಗುತ್ತದೆ. ಹೆಸರಿಲ್ಲ ಅಂದರೆ ಮಾತ್ರ ವಾರಂಟ್ ಇಲ್ಲ ಅಂತ ಅರ್ಥ ಅಲ್ಲ, ಎಲ್ಲ ಕೋರ್ಟುಗಳೂ ಇದರಲ್ಲಿ ಸೇರಿಲ್ಲ.

ಇನ್ನು ನಮ್ಮವರಿಗೇ ಬರುವ ಒಂದು ತೊಂದರೆ. ನಮ್ಮ ಹೆಸರು. ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ, ಊರಿನ ಹೆಸರು ನಡುವೆ, ಇನಿಶಿಯಲ್ ಇನ್ನೆಲ್ಲೋ. ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್.ಎನ್.ಯು. (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿರುತ್ತಾರೆ, ಅದು ಲೈಸೆನ್ಸಿಗೂ ಹೋಗಿ ಕೂತಿರುತ್ತದೆ. ಕ್ಲರ್ಕ್ ಒಂದು ಥರ ಹುಡುಕಿ "ಏನೂ ಇಲ್ಲ" ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಹೆಸರನ್ನು ಹಿಂದುಮುಂದು ಮಾಡಿ ಹುಡುಕಲು ಕೇಳಿ, ಲೈಸೆನ್ಸ್ ನಂಬರ್ ಕೊಡಿ, ಹುಟ್ಟಿದ ದಿನವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ದಿನ ಆಮೇಲೆ, ಹೇಳಿ. ನಾವು ಮಾರ್ಚ್ 4 ಅಂದುಕೊಂಡು 4-3 ಅಂದರೆ ಅವರು ಏಪ್ರಿಲ್ 3 ಅಂತ ಬರೆದುಕೊಳ್ಳುತ್ತಾರೆ.

ಫೋನಿನಲ್ಲಿ ಇಷ್ಟು ಕೇಳಿ ಸಾಕು: ನನ್ನ ಹೆಸರಲ್ಲಿ ಬಾಕಿ ಕೇಸ್ ಇದೆಯಾ, ವಾರಂಟ್ ಅಥವಾ ಕೇಪಿಯಸ್ (ಇದೂ ಒಂದು ಬಗೆಯ ಬಂಧನದ ಆದೇಶ) ಹೊರಟಿದೆಯಾ, ಹೊರಟಿದ್ದರೆ ಅದನ್ನು ಹಿಂಪಡೆಯಲು ಏನು ಮಾಡಬೇಕು, ಜಡ್ಜ್ ಯಾವ ದಿನ ಕೂರುತ್ತಾರೆ, ನಾನೇ ಬರಬೇಕಾ ಅಥವಾ ವಿಡಿಯೋ ಕರೆಯಲ್ಲಿ ಆಗುತ್ತಾ. ಯಾಕೆ ಜೋರಾಗಿ ಓಡಿಸಿದೆ, ಎಷ್ಟು ಸ್ಪೀಡ್ ಇತ್ತು, ಇದನ್ನೆಲ್ಲ ಕ್ಲರ್ಕ್ ಹತ್ತಿರ ಹೇಳಬೇಡಿ. ಅವರು ಜಡ್ಜ್ ಅಲ್ಲ, ನಿಮ್ಮ ವಕೀಲರೂ ಅಲ್ಲ. ಆದರೆ ಮರ್ಯಾದೆಯಿಂದ, ಸಮಾಧಾನದಿಂದ ಮಾತಾಡಿ. ಸಣ್ಣ ಊರಿನ ಕೋರ್ಟಿನಲ್ಲಿ ನಿಮ್ಮ ಫೈಲ್ ತೆಗೆಯುವವರು, ಜಡ್ಜ್ ಮುಂದೆ ಇಡುವವರು, ತಾರೀಕು ಕೊಡುವವರು ಎಲ್ಲ ಅವರೇ. ಮಾತಾಡಿದವರ ಹೆಸರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಹೋದರೆ ಹಿಡಿಯುತ್ತಾರಾ? ಸಾಮಾನ್ಯ ಸ್ಪೀಡಿಂಗ್ ಟೆಕ್ಸಸ್‌ನಲ್ಲಿ ಕ್ಲಾಸ್ ಸಿ, ಅಂದರೆ ತೀರಾ ಕೆಳಗಿನ ದರ್ಜೆಯ ಅಪರಾಧ. ಇಂಥದ್ದಕ್ಕೆ ಶಿಕ್ಷೆ ದಂಡ ಮಾತ್ರ, ಜೈಲಿಲ್ಲ. 2017ರಲ್ಲಿ ಟೆಕ್ಸಸ್ ಕಾನೂನು ಬದಲಾಯಿತು. ಇಂಥ ಕೇಸಿನಲ್ಲಿ ಮೊದಲ ತಾರೀಕಿಗೆ ಬಾರದವರ ಮೇಲೆ ಸುಮ್ನೆ ವಾರಂಟ್ ಹೊರಡಿಸುವಂತಿಲ್ಲ, ಅದಕ್ಕೂ ಮೊದಲು ಫೋನ್ ಅಥವಾ ಅಂಚೆಯಲ್ಲಿ ಹೊಸ ತಾರೀಕಿನ ಸೂಚನೆ ಕೊಡಬೇಕು. ಪೊಲೀಸರು ಹಿಡಿಯುವ ಮೊದಲೇ ನೀವಾಗಿ ಬಂದು ಪ್ರಾಮಾಣಿಕವಾಗಿ ಇತ್ಯರ್ಥಕ್ಕೆ ಮುಂದಾದರೆ ಗೈರುಹಾಜರಿಯ ವಾರಂಟನ್ನು ಜಡ್ಜ್ ಹಿಂಪಡೆಯಬೇಕು ಅನ್ನುವುದೂ ಆಗಲೇ ಬಂತು. ಅಂದರೆ ನೀವಾಗಿ ಹೋಗುವವರ ಪರವಾಗಿ ಕಾನೂನು ನಿಂತಿದೆ. ನೆನಪಿಡಿ, ಹೋಗಬೇಕಾದದ್ದು ಕೋರ್ಟಿಗೆ. ಶೆರಿಫ್ ಕಚೇರಿಯ ಕೌಂಟರಿಗೆ ಹೋಗಿ "ನನ್ನ ಮೇಲೆ ವಾರಂಟ್ ಇದೆಯಾ ನೋಡಿ" ಅಂದರೆ, ಇದ್ದರೆ ಜಾರಿ ಮಾಡುವುದು ಅವರ ಕೆಲಸ.

ಅಂಚೆಯ ವಿಷಯ ಯಾಕೆ ಒತ್ತಿ ಹೇಳಿದೆ ಅಂದರೆ, ನೀವು ಮನೆ ಬದಲಾಯಿಸಿದ್ದೀರಿ. ಆ ಸೂಚನೆ ಹಳೇ ಅಪಾರ್ಟ್‌ಮೆಂಟಿನ ಡಬ್ಬಿಯಲ್ಲಿ ಬಿದ್ದಿರಬಹುದು. ಅಲ್ಲಿ ಈಗ ಇರುವವರನ್ನು ಕೇಳಿ ನೋಡಿ, ಅದರಲ್ಲಿ ಕೇಸ್ ನಂಬರ್ ಸಿಗಬಹುದು. ವಿಳಾಸ ಬದಲಾದರೆ 30 ದಿನದಲ್ಲಿ ಲೈಸೆನ್ಸ್ ಇಲಾಖೆಗೆ ತಿಳಿಸಬೇಕು, ವೀಸಾದ ಮೇಲಿರುವವರು 10 ದಿನದಲ್ಲಿ ವಲಸೆ ಇಲಾಖೆಗೂ ತಿಳಿಸಬೇಕು. ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್ ಮೂಲಕ ಮಾಡುತ್ತಾರೆ.

ಇನ್ನು ಬಹಳ ಜನ ಅವಸರಪಡುವ ಜಾಗ. ವಾರಂಟ್ ಇದೆ ಅಂತ ಗೊತ್ತಾದ ಕೂಡಲೇ ಆನ್‌ಲೈನಿನಲ್ಲಿ ಪೂರ್ತಿ ಕಟ್ಟಿ ಕೈ ತೊಳೆದುಕೊಳ್ಳೋಣ ಅನಿಸುತ್ತೆ ಅಲ್ವಾ? ಹಾಗೆ ಕಟ್ಟಿದರೆ ಆರೋಪಕ್ಕೆ ವಿರೋಧವಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅದು ದಾಖಲೆಯಲ್ಲಿ ಶಿಕ್ಷೆಯಾಗಿ ಕೂರುತ್ತದೆ, ಇನ್ಶೂರೆನ್ಸ್ ಏರಬಹುದು. ಮೊದಲು ಡಿಫರ್ಡ್ ಡಿಸ್ಪೊಸಿಷನ್ ಸಿಗುತ್ತಾ ಕೇಳಿ. ಜಡ್ಜ್ 180 ದಿನದವರೆಗೆ ಷರತ್ತು ಹಾಕಿ, ನೀವು ಪಾಲಿಸಿದರೆ ಕೇಸ್ ವಜಾ ಮಾಡುತ್ತಾರೆ. ಡ್ರೈವಿಂಗ್ ಸೇಫ್ಟಿ ಕೋರ್ಸ್ ಮಾಡಿ ವಜಾ ಮಾಡಿಸಿಕೊಳ್ಳುವ ಹಕ್ಕು ಕೂಡ ಇದೆ, ಆದರೆ ಅದನ್ನು ಮೊದಲ ತಾರೀಕಿನೊಳಗೆ ಕೇಳಬೇಕಿತ್ತು. ನಿಮಗೆ ಆ ಹಕ್ಕು ತಪ್ಪಿದೆ. ಈಗ ಜಡ್ಜ್ ಮನಸ್ಸು ಮಾಡಿದರೆ ಉಂಟು. ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಬೇರೆ ಓದುಗರಿಗೂ ಸೇರಿಸಿ ಹೇಳುತ್ತಿದ್ದೇನೆ. ಎಲ್ಲ ಕ್ಲಾಸ್ ಸಿ ಕೇಸೂ ಸ್ಪೀಡಿಂಗ್ ಥರ ಹಗುರ ಅಲ್ಲ. ಅಂಗಡಿಯಲ್ಲಿ 100 ಡಾಲರ್‌ಗಿಂತ ಕಡಿಮೆ ಬೆಲೆಯ ವಸ್ತು ಕದ್ದ ಆರೋಪ ಕೂಡ ಟೆಕ್ಸಸ್‌ನಲ್ಲಿ ಕ್ಲಾಸ್ ಸಿ. ಅದಕ್ಕೂ ಟಿಕೆಟ್ಟೇ ಕೊಡಬಹುದು, ಅದನ್ನೂ ದಂಡ ಕಟ್ಟಿ ಮುಗಿಸಬಹುದು. ಆದರೆ ವಲಸೆ ಕಾನೂನು ಕಳ್ಳತನವನ್ನು ನೋಡುವ ರೀತಿಯೇ ಬೇರೆ, ವೀಸಾ, ಗ್ರೀನ್ ಕಾರ್ಡ್ ಎರಡಕ್ಕೂ ಪೆಟ್ಟು ಬೀಳಬಹುದು. ತಪ್ಪೊಪ್ಪಿಕೊಂಡು ಷರತ್ತು ಪಾಲಿಸಿ, ಆಮೇಲೆ ರಾಜ್ಯದ ಕೋರ್ಟ್ ವಜಾ ಮಾಡಿದರೂ, ವಲಸೆಯವರು ಅದನ್ನು ಶಿಕ್ಷೆ ಅಂತಲೇ ಎಣಿಸಬಹುದು. ಹಾಗಾಗಿ ಕಳ್ಳತನ, ಹೊಡೆದಾಟ, ಕುಡಿದು ಓಡಿಸಿದ್ದು, ಮಾದಕ ವಸ್ತು, ಇವುಗಳಲ್ಲಿ ಯಾವುದಾದರೂ ಇದ್ದರೆ ಕ್ಲರ್ಕಿಗೆ ಫೋನ್ ಮಾಡುವ ಮೊದಲೇ ವಕೀಲರನ್ನು ಹಿಡಿಯಿರಿ. ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರನ್ನೂ ಕೇಳಿ. 2010ರ ಪಡಿಲ್ಲಾ ವರ್ಸಸ್ ಕೆಂಟಕಿ ತೀರ್ಪಿನಲ್ಲಿ, ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಅಂತ ಕ್ರಿಮಿನಲ್ ವಕೀಲರು ಕಕ್ಷಿದಾರರಿಗೆ ಹೇಳಲೇಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಕುಡಿದು ಓಡಿಸಿದ್ದು ಮೊದಲ ಸಲವಾದರೂ ಕ್ಲಾಸ್ ಬಿ, ಜೈಲು ಸಾಧ್ಯ. ಅಂಥ ಕೇಸಿನಲ್ಲಿ ಬಾಂಡ್ (ಜಾಮೀನು) ಮೇಲೆ ಹೊರಬಂದು ತಾರೀಕು ತಪ್ಪಿಸಿದರೆ ಅದೇ ಇನ್ನೊಂದು ಅಪರಾಧ. ಆಗ ವಾರಂಟನ್ನು ಹಿಂಪಡೆಸುವುದೋ, ಹೊಸ ಬಾಂಡ್ ಕೊಡುವುದೋ, ವಕೀಲರೇ ಕೌಂಟಿ ಅಟಾರ್ನಿ (ಕೌಂಟಿಯ ಸರ್ಕಾರಿ ವಕೀಲರು) ಜೊತೆ ಮಾತಾಡಿ ದಾರಿ ಮಾಡಬೇಕು. ಅದೇ ಕೌಂಟಿಯಲ್ಲೋ ಪಕ್ಕದ ಕೌಂಟಿಯಲ್ಲೋ ಕೆಲಸ ಮಾಡುವ ವಕೀಲರು ಸಿಕ್ಕರೆ ಒಳ್ಳೆಯದು. ಅಲ್ಲಿನ ಜಡ್ಜ್ ಹೇಗೆ ನಡೆಸುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ದುಡ್ಡಿಲ್ಲ ಅಂತ ಸುಮ್ಮನಿರುವವರೂ ಇದ್ದಾರೆ. ಅವರಿಗೆ ಹೇಳುವುದು ಇಷ್ಟು: 1971ರಲ್ಲೇ, ಹ್ಯೂಸ್ಟನ್ನಿನದೇ ಟ್ರಾಫಿಕ್ ದಂಡದ ಒಂದು ಕೇಸಿನಲ್ಲಿ, ದಂಡ ಮಾತ್ರ ಇರುವ ಅಪರಾಧಕ್ಕೆ ಕಟ್ಟಲಾಗದ ಬಡವರನ್ನು ಆ ಕಾರಣಕ್ಕೇ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕಂತು ಕೇಳಿ, ಸಮುದಾಯ ಸೇವೆ ಕೇಳಿ, ಕಡಿಮೆ ಮಾಡಲು ಕೇಳಿ. ಬಾಯಿ ಬಿಟ್ಟು ಕೇಳದೆ ಯಾರಿಗೂ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ.

ಕಾಯುವುದರಲ್ಲಿ ಇರುವ ಅಪಾಯ ಏನು ಅಂದರೆ, ದಂಡ ಜಾಸ್ತಿ ಆಗುವುದು ಒಂದೇ ಅಲ್ಲ. ರಾತ್ರಿ ಟೇಲ್ ಲೈಟ್ ಉರಿಯುತ್ತಿಲ್ಲ ಅಂತ ಪೊಲೀಸರು ನಿಲ್ಲಿಸಿದಾಗ ವಾರಂಟ್ ಕಂಡರೆ, ಆಗ ನಿಜವಾಗಿ ಅರೆಸ್ಟ್ ಆಗುತ್ತದೆ. ವೀಸಾ ಅರ್ಜಿಯ ಡಿ.ಎಸ್. 160ರಲ್ಲಿ ಎಂದಾದರೂ ಅರೆಸ್ಟ್ ಆಗಿದ್ದೀರಾ ಅಂತ ಪ್ರಶ್ನೆ ಇದೆ. ರಸ್ತೆಯಲ್ಲಿ ಟಿಕೆಟ್ ತೆಗೆದುಕೊಂಡದ್ದು ಅರೆಸ್ಟ್ ಅಲ್ಲ, ವಾರಂಟ್ ಮೇಲೆ ಕರೆದೊಯ್ದರೆ ಅದು ಅರೆಸ್ಟೇ. ಮುಂದೆ ಪ್ರತಿ ಸಲ ಸ್ಟ್ಯಾಂಪಿಂಗ್‌ಗೆ ಹೋದಾಗಲೂ ಹೌದು ಅಂತ ಬರೆದು, ಕಾಗದ ತೋರಿಸಿ, ವಿವರಿಸುತ್ತಾ ಇರಬೇಕು. ಒಂದು ಮರೆತ ಟಿಕೆಟ್ಟಿಗೆ ಇದು ಬೇಕಾ? ಇದಕ್ಕೇ ಹೇಳುವುದು, ಡಿಸೆಂಬರ್ ಪ್ರಯಾಣದವರೆಗೆ ಕಾಯಬೇಡಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಟೆಕ್ಸಸ್‌ನ ಬಹಳ ಕೋರ್ಟುಗಳು ಸೇರಿ ವಾರಂಟ್ ರೌಂಡಪ್, ಅಂದರೆ ಬಾಕಿ ವಾರಂಟ್ ಇರುವವರನ್ನು ಹುಡುಕಿ ಹಿಡಿಯುವ ಅಭಿಯಾನ, ನಡೆಸುತ್ತವೆ, ಅದಕ್ಕೆ ಮೊದಲು ನೀವಾಗಿ ಬನ್ನಿ ಅಂತ ಅವಕಾಶವನ್ನೂ ಕೊಡುತ್ತವೆ. ಅದಕ್ಕೂ ಕಾಯುವ ಅಗತ್ಯ ಇಲ್ಲ.

ಇದರ ನಡುವೆ ಯಾರೋ ಫೋನ್ ಮಾಡಿ "ಶೆರಿಫ್ ಕಚೇರಿಯಿಂದ, ನಿಮ್ಮ ಮೇಲೆ ವಾರಂಟ್ ಇದೆ, ಈಗಲೇ ಗಿಫ್ಟ್ ಕಾರ್ಡ್ ನಂಬರ್ ಹೇಳಿ" ಅಂದರೆ ಇಟ್ಟುಬಿಡಿ. ಬೆಂಗಳೂರಿನಲ್ಲಿ ಡಿಜಿಟಲ್ ಅರೆಸ್ಟ್ ಹೆಸರಲ್ಲಿ ಎಷ್ಟು ಜನ ಹಣ ಕಳೆದುಕೊಂಡರು ನೋಡಿದ್ದೀರಲ್ಲ, ಇದು ಅದರದೇ ಜಾತಿ. ಕೋರ್ಟು ಗಿಫ್ಟ್ ಕಾರ್ಡ್, ಕ್ರಿಪ್ಟೋದಲ್ಲಿ ದಂಡ ವಸೂಲಿ ಮಾಡುವುದಿಲ್ಲ. ಅನುಮಾನ ಬಂದರೆ ನೀವೇ ಹುಡುಕಿದ ನಂಬರಿಗೆ ತಿರುಗಿ ಫೋನ್ ಮಾಡಿ.

ಕೋರ್ಟಿಗೆ ಹೋಗುವ ದಿನ ಲೈಸೆನ್ಸ್, ಪಾಸ್‌ಪೋರ್ಟ್, ಇನ್ಶೂರೆನ್ಸ್ ಕಾಗದ ಇಟ್ಟುಕೊಳ್ಳಿ. ಕಾರ್ಡ್ ತೆಗೆದುಕೊಳ್ಳುತ್ತಾರಾ, ಮನಿ ಆರ್ಡರ್ ಬೇಕಾ ಅಂತ ಮೊದಲೇ ಕೇಳಿರಿ, ಊಟದ ಹೊತ್ತಿಗೆ ಕಚೇರಿ ಮುಚ್ಚುತ್ತಾರಾ ಅಂತಲೂ ಕೇಳಿರಿ. ಸಾಧ್ಯವಾದರೆ ನಿಮ್ಮ ಬದಲು ಸ್ನೇಹಿತರು ಕಾರು ಓಡಿಸಲಿ, ದಾರಿಯಲ್ಲಿ ನಿಮ್ಮನ್ನು ನಿಲ್ಲಿಸುವ ಪ್ರಸಂಗವೇ ಬಾರದಿರಲಿ. ಕೆಲಸ ಮುಗಿದ ಮೇಲೆ ಬರೀ ರಸೀದಿ ತೆಗೆದುಕೊಂಡು ಬರಬೇಡಿ. ವಾರಂಟ್ ಹಿಂಪಡೆದ ಆದೇಶದ ಪ್ರತಿ ಕೇಳಿ. ಶೆರಿಫ್ ಕಡೆಯ ಪಟ್ಟಿಯಿಂದ ಹೆಸರು ತೆಗೆಸಿದ್ದೀರಾ, ಆಮ್ನಿಬೇಸ್‌ಗೆ ತಿಳಿಸುತ್ತೀರಾ ಅಂತ ಕ್ಲರ್ಕನ್ನು ಕೇಳಿ. ಆಮ್ನಿಬೇಸ್‌ನಲ್ಲಿ ಹೆಸರಿದ್ದರೆ ಅದಕ್ಕೆ 10 ಡಾಲರ್ ಶುಲ್ಕ ಬೇರೆ. ಕಂಪ್ಯೂಟರಿನಲ್ಲಿ ಬದಲಾಗಲು ಕೆಲವು ದಿನ ಹಿಡಿಯಬಹುದು. ಅಷ್ಟು ದಿನ ಆ ಆದೇಶದ ಪ್ರತಿ ಕಾರಿನಲ್ಲಿರಲಿ, ಫೋಟೋ ಫೋನಿನಲ್ಲಿರಲಿ. ಕೇಸ್ ಪೂರ್ತಿ ಮುಗಿದ ಮೇಲೆ ಅಂತಿಮ ಆದೇಶದ ಪ್ರಮಾಣಿತ ಪ್ರತಿಯನ್ನೂ ಒಂದು ತೆಗೆದಿಟ್ಟುಕೊಳ್ಳಿ, ಮುಂದೆ ಗ್ರೀನ್ ಕಾರ್ಡ್ ಅಥವಾ ಪೌರತ್ವದ ಅರ್ಜಿ ಹೊತ್ತಿಗೆ ಕೇಳಿದರೆ ಆ ಸಣ್ಣ ಕಚೇರಿಗೆ ಮತ್ತೆ ಅಲೆಯುವುದು ತಪ್ಪುತ್ತದೆ.