ಮಲೇರಿಯಾ ಲಸಿಕೆಯ ಹುಡುಕಾಟಕ್ಕೆ ಪಪುವಾ ನ್ಯೂಗಿನಿ ಜನರ ರಕ್ತ ಕೊಟ್ಟ ಸುಳಿವು

ಮಲೇರಿಯಾ ತರುವ ಫಾಲ್ಸಿಪಾರಮ್ ಪರಾವಲಂಬಿಯಲ್ಲಿ 5,000ಕ್ಕೂ ಜಾಸ್ತಿ ಜೀನ್‌ಗಳಿವೆ. ಲಸಿಕೆಗೆ ಅದರ ಯಾವ ಪ್ರೋಟೀನ್ ಹಾಕಬೇಕು? 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಎಂಬ ವಿಜ್ಞಾನಿಗಳು ಈ ಪರಾವಲಂಬಿಯನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಿದ್ದರು ನಿಜ, ಆದರೆ ಅದಕ್ಕೆ ಮನುಷ್ಯರ ರಕ್ತವೇ ಬೇಕು. ಹಾಗೆ ಬೆಳೆಸಿ ಕೋಟಿಗಟ್ಟಲೆ ಜನರಿಗೆ ಲಸಿಕೆ ಮಾಡೋದು ಆಗದ ಮಾತು.

1983ರಲ್ಲಿ ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಡೇವ್ ಕೆಂಪ್, ರಾಬಿನ್ ಆಂಡರ್ಸ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ಪರಾವಲಂಬಿಯ ಜೀನ್ ತುಂಡುಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಒಂದೊಂದು ಕಾಲನಿಯೂ (ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಗುಂಪು) ಒಂದೊಂದು ತುಂಡು ಪ್ರೋಟೀನ್ ಮಾಡಬೇಕು. ಸಾವಿರಾರು ಕಾಲನಿಗಳಲ್ಲಿ ಬೇಕಾದ್ದು ಯಾವುದು ಅಂತ ತೋರಿಸಿಕೊಟ್ಟದ್ದು ಪಪುವಾ ನ್ಯೂಗಿನಿಯ ಜನರ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದು, ಕೊನೆಗೆ ಅದನ್ನು ತಡೆದುಕೊಳ್ಳುವ ಶಕ್ತಿ ಬಂದವರು ಅವರು. ಈ ಕತೆಯಲ್ಲಿ ಅವರ ಪಾಲು ದೊಡ್ಡದು, ಅದನ್ನು ಜೋರಾಗಿ ಹೇಳಲೇಬೇಕು.

ನಮ್ಮೆಲ್ಲರ ರಕ್ತದಲ್ಲೂ ಇ. ಕೋಲಿ ವಿರುದ್ಧ ಆಂಟಿಬಾಡಿ (ರೋಗಾಣುವನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನ್) ಇರುತ್ತದೆ, ಹಾಗೇ ಬಿಟ್ಟರೆ ಎಲ್ಲ ಕಾಲನಿಗಳೂ ಹೌದು ಅಂದುಬಿಡುತ್ತವೆ. ಅದಕ್ಕೇ ಮೊದಲು ಸೀರಮ್‌ನಿಂದ ಅವುಗಳನ್ನು ತೆಗೆಯಬೇಕು. ಆಮೇಲೆ ಕಾಲನಿಗಳನ್ನು ಫಿಲ್ಟರ್ ಹಾಳೆಗೆ ಅಂಟಿಸಿ, ಸೀರಮ್‌ನಲ್ಲಿ ನೆನೆಸಿ, ವಿಕಿರಣ ಗುರುತು ಹಚ್ಚಿ ಎಕ್ಸ್‌ರೇ ಫಿಲ್ಮ್ ಇಟ್ಟರೆ, ಆಂಟಿಬಾಡಿ ಹಿಡಿದುಕೊಂಡ ಕಡೆ ಕಪ್ಪು ಚುಕ್ಕೆ. ಆ ಚುಕ್ಕೆ ಇದ್ದ ಕಾಲನಿಯಲ್ಲೇ ಆಂಟಿಜನ್‌ನ, ಅಂದರೆ ಆಂಟಿಬಾಡಿ ಹಿಡಿದುಕೊಳ್ಳುವ ಪ್ರೋಟೀನಿನ, ಜೀನ್!

ಆದರೆ ಆಂಟಿಬಾಡಿ ಹಿಡಿದುಕೊಂಡ ಮಾತ್ರಕ್ಕೆ ಅದು ಕಾಯಿಲೆ ತಡೆಯುತ್ತೆ ಅಂತಲ್ಲ. ಹೀಗೆ ಸಿಕ್ಕ ಎಷ್ಟೋ ಪ್ರೋಟೀನ್‌ಗಳಲ್ಲಿ ಒಂದೇ ತುಣುಕು ಸಾಲಾಗಿ ಮರುಕಳಿಸುತ್ತದೆ, ನಮ್ಮ ದೇಹ ಅದರ ಮೇಲೇ ಶಕ್ತಿಯೆಲ್ಲ ಸುರಿಯುತ್ತದೆ. ಮೇಲಾಗಿ ತಳಿಯಿಂದ ತಳಿಗೆ ಪ್ರೋಟೀನ್ ಬದಲಾಗುತ್ತದೆ. ಮೂರು ಆಂಟಿಜನ್ ಸೇರಿಸಿ ಮಾಡಿದ ಲಸಿಕೆಯನ್ನು ಮುಂದೆ ಪಪುವಾ ನ್ಯೂಗಿನಿಯ ಮಕ್ಕಳಲ್ಲೇ ಪರೀಕ್ಷಿಸಿದಾಗ, ಮೊದಲೇ ಮಲೇರಿಯಾ ಔಷಧಿ ಕೊಡದ ಮಕ್ಕಳ ರಕ್ತದಲ್ಲಿ ಪರಾವಲಂಬಿಯ ಪ್ರಮಾಣ 62% ಕಮ್ಮಿಯಾಯಿತು. ಆದರೆ ಲಸಿಕೆಯಲ್ಲಿದ್ದ ಎಂಎಸ್‌ಪಿ2 ಪ್ರೋಟೀನಿಗೆ ಹೋಲುವ ತಳಿ ಹಿಂದೆ ಸರಿಯಿತು, ಬೇರೆ ನಮೂನೆಯದು ಉಳಿದುಕೊಂಡಿತು.

ಅತ್ತ ನ್ಯೂಯಾರ್ಕ್‌ನಲ್ಲಿ ರೂತ್ ಮತ್ತು ವಿಕ್ಟರ್ ನುಸೆನ್ಜ್‌ವೈಗ್ ಅವರ ಬಳಗ ಸೊಳ್ಳೆ ಕಚ್ಚಿದಾಗ ಮೈಯೊಳಗೆ ಬರುವ ಹಂತದ ಪರಾವಲಂಬಿಯ ಹಿಂದೆ ಬಿದ್ದಿತ್ತು. ಅದರ ಮೈಮೇಲಿನ ಸಿಎಸ್ ಪ್ರೋಟೀನಿನ ಜೀನ್ 1983ರಲ್ಲಿ ಮಂಗನ ಮಲೇರಿಯಾದಿಂದ, 1984ರಲ್ಲಿ ಫಾಲ್ಸಿಪಾರಮ್‌ನಿಂದ ಸಿಕ್ಕಿತು. ಇದರಲ್ಲೂ ಅದೇ ಮರುಕಳಿಸುವ ತುಣುಕು, ಆದರೆ ತಳಿ ಬದಲಾದರೂ ಈ ಭಾಗ ಹೆಚ್ಚುಕಮ್ಮಿ ಹಾಗೇ ಇರುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಮತ್ತು 2023ರಲ್ಲಿ ಶಿಫಾರಸಾದ, ಪುಣೆಯ ಸೀರಮ್ ಇನ್ಸ್ಟಿಟ್ಯೂಟ್ ತಯಾರಿಸುವ ಆರ್21, ಈ ಎರಡೂ ಲಸಿಕೆಗಳಲ್ಲಿ ಇರೋದು ಈ ಸಿಎಸ್ ಪ್ರೋಟೀನಿನ ತುಂಡೇ.